ನೂರನೇ ಪುಟಕ್ಕೆ ನಿಂತವರಿಗೆ

'ಮಲೆಗಳಲ್ಲಿ ಮದುಮಗಳು ನನಗೆ ಹಿಡಿಸಲಿಲ್ಲ' ಎಂದು ನಾಲ್ಕು ಜನ ಸಾಹಿತ್ಯಾಸಕ್ತರ ಎದುರು ಹೇಳಲು ಧೈರ್ಯ ಬೇಕು. ಹೆಚ್ಚಿನವರು ಹೇಳುವುದೂ ಇಲ್ಲ. 'ಅದನ್ನು ಇನ್ನೊಂದು ಸಲ ಸಾವಕಾಶವಾಗಿ ಓದಬೇಕು' ಎನ್ನುತ್ತಾರೆ. ಮೊದಲ ಸಲವೇ ಮುಗಿದಿಲ್ಲ ಎಂಬ ಸತ್ಯ ಆ 'ಇನ್ನೊಂದು ಸಲ'ದ ಹಿಂದೆ ಅವಿತಿರುತ್ತದೆ. ಪುಸ್ತಕ ಕಪಾಟಿನಲ್ಲಿ ಗಂಭೀರವಾಗಿ ನಿಂತಿದೆ, ನೂರನೇ ಪುಟದ ಹತ್ತಿರ ಯಾವುದೋ ಹಳೆಯ ಬಸ್ ಟಿಕೆಟ್ಟು ಸಿಕ್ಕಿಕೊಂಡಿದೆ.

ಕುವೆಂಪು ಅವರ ಈ ಎರಡನೇ ದೊಡ್ಡ ಕಾದಂಬರಿ ಹೊರಬಂದದ್ದು 1967ರಲ್ಲಿ. 'ಶ್ರೀ ರಾಮಾಯಣ ದರ್ಶನಂ'ಗೆ ಜ್ಞಾನಪೀಠ ಸಂದದ್ದೂ ಅದೇ ಸಾಲಿನಲ್ಲಿ. ಕನ್ನಡದ ಅತ್ಯುತ್ತಮ ಕಾದಂಬರಿ ಯಾವುದು ಎಂಬ ಮಾತು ಎದ್ದಾಗಲೆಲ್ಲ ಇದರ ಹೆಸರು ಮೊದಲ ಎರಡು ಮೂರರೊಳಗೆ ಬರುತ್ತದೆ. ಇಷ್ಟು ಹೊಗಳಿಕೆ ಕೇಳಿ ಪುಸ್ತಕ ಬಿಡಿಸಿದವರಿಗೆ ಎದುರಾಗುವುದು ಹತ್ತಾರು ಮನೆ, ಅದರ ನಾಲ್ಕು ಪಟ್ಟು ಹೆಸರು, ಎಂದೂ ಕೇಳಿರದ ಮಾತು, ಮುಗಿಯದ ಕಾಡು. ನಿರಾಸೆ ಆಗದಿದ್ದರೇ ಆಶ್ಚರ್ಯ.

ಆ ನಿರಾಸೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ 'ಹಿಡಿಸಲಿಲ್ಲ' ಎನ್ನುವುದು ಅರ್ಧಕ್ಕೆ ನಿಂತ ವಾಕ್ಯ. ಏನು ಹಿಡಿಸಲಿಲ್ಲ, ಎಲ್ಲಿಂದ ಹಿಡಿಸಲಿಲ್ಲ, ಅಲ್ಲಿ ಏನಿರಬೇಕಿತ್ತು? ಒಂದು ಚೀಟಿಯಲ್ಲಿ ನಿಮ್ಮ ದೂರನ್ನು ಒಂದೇ ಸಾಲಿನಲ್ಲಿ ಬರೆದುನೋಡಿ. 'ಬೋರು' ಎಂದು ಬರೆದರೆ ಲೆಕ್ಕಕ್ಕಿಲ್ಲ. 'ಯಾರು ಯಾರೆಂದು ಗೊತ್ತಾಗುತ್ತಿಲ್ಲ' ಎಂದು ಬರೆದರೆ ಅದಕ್ಕೆ ಉಪಾಯವಿದೆ. 'ಇವರು ಬಡವರನ್ನು ಮೇಲಿನಿಂದ ನೋಡುತ್ತಿದ್ದಾರೆ' ಎಂದು ಬರೆದರೆ ಉಪಾಯವಿಲ್ಲ, ಅದು ವಿಮರ್ಶೆ. ಕೆಲವು ದೂರುಗಳನ್ನು ಓದುವ ಕ್ರಮ ಬದಲಿಸಿ ನೀಗಿಸಬಹುದು. ಉಳಿದವನ್ನು ಹಾಗೆಯೇ ಇಟ್ಟುಕೊಂಡು ಓದಬೇಕು, ಇಲ್ಲವೇ ಪುಸ್ತಕ ಕೆಳಗಿಡಬೇಕು.

ಯಾರು ಯಾರು?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದೇ. ಇದಕ್ಕೆ ಓದುಗರು ಸಾಮಾನ್ಯವಾಗಿ ಮಾಡಿಕೊಳ್ಳುವ ಪರಿಹಾರ ವಂಶವೃಕ್ಷ ಬರೆಯುವುದು. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಕಾದಂಬರಿಯ ಮುಕ್ಕಾಲು ಪಾಲು ಜನರನ್ನು ರಕ್ತಸಂಬಂಧದಿಂದ ಗುರುತಿಸಲು ಆಗುವುದಿಲ್ಲ. ಅವರು ಯಾವ ಮನೆಯವರು, ಯಾವ ಮನೆಗೆ ದುಡಿಯುವವರು ಎಂಬುದೇ ಅವರ ವಿಳಾಸ. ಸಿಂಬಾವಿ ಭರಮೈ ಹೆಗ್ಗಡೆ, ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಬೆಟ್ಟಳ್ಳಿ ಕಲ್ಲಯ್ಯಗೌಡ, ಹೂವಳ್ಳಿ ವೆಂಕಟಣ್ಣ, ಕೋಣೂರಿನ ಮುಕುಂದಯ್ಯ. ಮಲೆನಾಡಿನಲ್ಲಿ ಮನೆಯೇ ಊರು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಗದ್ದೆ, ಕಾಡು. ಬಯಲುಸೀಮೆಯ ಊರನ್ನು ಕಲ್ಪಿಸಿಕೊಂಡು ಓದಲು ಹೊರಟವರು, ಇಷ್ಟು ಜನ ಒಂದೇ ಬೀದಿಯಲ್ಲಿ ಇದ್ದಾರೆಂದು ತಿಳಿದು ತಬ್ಬಿಬ್ಬಾಗುತ್ತಾರೆ.

ಆದ್ದರಿಂದ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮನೆಗಳ ನಕಾಶೆ ಬರೆಯಿರಿ. ನಡುವೆ ಮೇಗರವಳ್ಳಿ. ಅದು ನಿಜವಾದ ಊರು, ಇವತ್ತಿಗೂ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಬಸ್ಸು ಅದನ್ನು ಹಾದೇ ಹೋಗುತ್ತದೆ. ಒಂದು ಪಕ್ಕಕ್ಕೆ ತೀರ್ಥಹಳ್ಳಿ ಮತ್ತು ತುಂಗೆ, ಮೇಲೆ ಎತ್ತರದಲ್ಲಿ ಹುಲಿಕಲ್ಲು ನೆತ್ತಿ. ಸುತ್ತ ಒಂದೊಂದೇ ಮನೆ. ಅಳತೆ ಸರಿಯಿರಬೇಕೆಂದೇನೂ ಇಲ್ಲ. ಪ್ರತಿ ಮನೆಯ ಕೆಳಗೆ ಮೂರು ಸಾಲಿಗೆ ಜಾಗ ಬಿಡಿ: ಯಜಮಾನರ ಕಡೆಯವರು, ಆ ಮನೆಯ ಜೀತದವರು, ಘಟ್ಟದ ಕೆಳಗಿನಿಂದ ದುಡಿಯಲು ಬಂದವರು. ಹೊಸ ಹೆಸರು ಬಂದಾಗ ಅದನ್ನು ಅದರ ಮನೆಯ ಕೆಳಗೆ ಸೇರಿಸುತ್ತ ಹೋಗಿ. ಅಂತಕ್ಕ ಮೇಗರವಳ್ಳಿಯ ಕೆಳಗೆ, ಐತ-ಪೀಂಚಲು ಮೂರನೇ ಸಾಲಿಗೆ. ಪಾದ್ರಿ ಜೀವರತ್ನಯ್ಯನಂಥವರಿಗೆ ಅಂಚಿನಲ್ಲಿ ಬೇರೆ ಜಾಗ.

ಇನ್ನೊಂದು ಕೆಲಸ: ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ನಡೆದರೆ ನಡುವೆ ಗೆರೆ ಎಳೆಯಿರಿ. ಕಾದಂಬರಿ ಶುರುವಾಗುವುದೇ ಅಂಥ ನಡಿಗೆಯಿಂದ. ಸಿಂಬಾವಿ ಹೆಗ್ಗಡೆಯ ಜೀತದಾಳು ಗುತ್ತಿ ಒಡೆಯನ ಕೆಲಸದ ಮೇಲೆ ಹೊರಟಿದ್ದಾನೆ, ಹಿಂದೆ ಅವನ ನಾಯಿ ಹುಲಿಯ, ಮನಸ್ಸಿನಲ್ಲಿ ಮಾತ್ರ ಬೆಟ್ಟಳ್ಳಿಯ ತಿಮ್ಮಿ. ಗೆರೆಗಳು ಹತ್ತಿಪ್ಪತ್ತಾಗುವ ಹೊತ್ತಿಗೆ, ಕಥೆ ಎಂದು ನೀವು ಹುಡುಕುತ್ತಿದ್ದುದು ಆ ಗೆರೆಗಳೊಳಗೇ ಇರುವುದು ಕಾಣತೊಡಗುತ್ತದೆ. ಒಬ್ಬ ಸುದ್ದಿ ಒಯ್ಯುತ್ತಾನೆ, ಒಬ್ಬ ಸಾಲ ವಸೂಲಿಗೆ ಹೋಗುತ್ತಾನೆ, ಒಬ್ಬಳು ಓಡಿಹೋಗುತ್ತಾಳೆ. ದಾರಿಯಲ್ಲಿ ಎದುರಾದವರು ಮಾತಿಗೆ ನಿಲ್ಲುತ್ತಾರೆ, ಆ ಮಾತಿನಿಂದ ಇನ್ನೊಂದು ಮನೆಯಲ್ಲಿ ಏನೋ ಆಗುತ್ತದೆ. ಹಳೆಮನೆಯ ರಂಗಮ್ಮನದು ಇದಕ್ಕೆ ತಿರುಗುಮುರುಗು: ಅವಳ ಗಂಡ ತಿರುಪತಿಗೆಂದು ಹೊರಟವನು ವಾಪಸು ಬಂದಿಲ್ಲ. ಅವನ ಗೆರೆ ನಕಾಶೆಯ ಆಚೆಗೆ ಹೋಗಿ ಅಲ್ಲೇ ಮುಗಿದಿದೆ, ಅವಳ ಬುದ್ಧಿ ಅದರ ಬೆನ್ನುಹತ್ತಿ ಹೋಗಿದೆ.

ಕಥೆ ಮುಂದಕ್ಕೇ ಹೋಗುವುದಿಲ್ಲ

ಈ ದೂರಿನವರಲ್ಲಿ ಬಹಳಷ್ಟು ಜನ 'ಕಾನೂರು ಹೆಗ್ಗಡತಿ' ಓದಿ ಮೆಚ್ಚಿಕೊಂಡು ಬಂದವರು. 1936ರ ಆ ಕಾದಂಬರಿಯಲ್ಲಿ ಹೂವಯ್ಯನಿದ್ದಾನೆ. ಓದಿದವನು, ಆದರ್ಶವಾದಿ, ಓದುಗನ ಕೈ ಹಿಡಿದು ನಡೆಸುವವನು. ಅವನಿಗೆ ಏನಾದೀತು ಎಂಬ ಕಾತರವೇ ಪುಟ ತಿರುವಿಸುತ್ತದೆ. ಮುವತ್ತು ವರ್ಷದ ನಂತರ ಅದೇ ಲೇಖಕರು ಅದೇ ಸೀಮೆಯ ಬಗ್ಗೆ ಬರೆಯುವಾಗ ಹೂವಯ್ಯನನ್ನೇ ತೆಗೆದುಹಾಕಿದರು. ಯಾರನ್ನೂ ಮುಖ್ಯರೆಂದು, ಯಾರನ್ನೂ ಅಮುಖ್ಯರೆಂದು ಎಣಿಸಬೇಡಿ, ಅವಸರ ಮಾಡಬೇಡಿ ಎಂಬರ್ಥದ ಸೂಚನೆಯನ್ನು ಕಾದಂಬರಿಯ ಬಾಗಿಲಲ್ಲೇ ತೂಗುಹಾಕಿದರು. ಆ ಸೂಚನೆ ಎಷ್ಟು ಪ್ರಸಿದ್ಧವೆಂದರೆ ಈಗ ಅದನ್ನು ಸುಭಾಷಿತದಂತೆ ಭಾಷಣಗಳಲ್ಲಿ ಬಳಸುತ್ತಾರೆ. ಅದನ್ನು ಓದುವ ಕ್ರಮಕ್ಕೆ ಕೊಟ್ಟ ನಿರ್ದೇಶನವೆಂದು ತೆಗೆದುಕೊಂಡರೆ ಹೆಚ್ಚು ಉಪಯೋಗ.

ಶೀರ್ಷಿಕೆಯೂ ದಾರಿ ತಪ್ಪಿಸುತ್ತದೆ. ಮದುಮಗಳು ಯಾರು ಎಂದು ಕಾಯುತ್ತ ಕುಳಿತರೆ ಬೇಸರ ಖಂಡಿತ. ತಿಮ್ಮಿಯೂ ಮದುಮಗಳೇ, ಹೂವಳ್ಳಿಯ ಚಿನ್ನಮ್ಮನೂ ಮದುಮಗಳೇ. ಐತ-ಪೀಂಚಲು ಆಗಲೇ ಕೂಡಿ ಬಾಳುತ್ತಿರುವ ಜೋಡಿ. ಒಂದೊಂದು ಜಾತಿಯ, ಒಂದೊಂದು ಅಂತಸ್ತಿನ ಗಂಡುಹೆಣ್ಣುಗಳು ತಮ್ಮ ಇಷ್ಟದವರ ಜೊತೆ ಬದುಕಲು ಏನೇನು ದಾಟಬೇಕಾಯಿತು ಎಂದು ಕೇಳಿಕೊಂಡು ಓದಿ, ಚದುರಿದಂತೆ ಕಂಡದ್ದು ಒಟ್ಟಾಗುತ್ತದೆ.

ಇನ್ನು ಓದುವ ವೇಗ. ಆವೃತ್ತಿಗೆ ತಕ್ಕಂತೆ ಆರುನೂರು, ಏಳುನೂರು ಪುಟಗಳ ಪುಸ್ತಕ ಇದು. ಮಲಗುವ ಮುನ್ನ ಹತ್ತು ಪುಟ ಎಂಬ ಶಿಸ್ತಿನಿಂದ ಹೊರಟರೆ ಎರಡು ತಿಂಗಳು ಬೇಕು, ಮತ್ತು ಎರಡನೇ ತಿಂಗಳಲ್ಲಿ ಬರುವ ಹೆಸರು ಮೊದಲ ವಾರದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ. ನಿಧಾನವಾಗಿ ಓದಿ ಎಂಬ ಸಲಹೆಯನ್ನು ತುಣುಕು ತುಣುಕಾಗಿ ಓದಿ ಎಂದು ತಿಳಿದುಕೊಂಡವರೇ ಇದನ್ನು ಅರ್ಧಕ್ಕೆ ಬಿಡುವುದು ಹೆಚ್ಚು. ವಾರಕ್ಕೆ ಎರಡೇ ದಿನವಾದರೂ ಸರಿ, ಕೂತರೆ ಒಂದೆರಡು ಗಂಟೆ ಏಳದಂತೆ ಕೂರಿ. ಮಳೆಗಾಲದ ಭಾನುವಾರ ಸಿಕ್ಕರೆ ಇನ್ನೂ ಒಳ್ಳೆಯದು.

ಇಷ್ಟಾಗಿಯೂ ಹಿಡಿತ ಸಿಗದವರಿಗೆ ಒಂದು ಅಡ್ಡದಾರಿ ಹೇಳುತ್ತೇನೆ, ಪಂಡಿತರು ಕ್ಷಮಿಸಲಿ. ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳಲು ಹೂವಳ್ಳಿ ಚಿನ್ನಮ್ಮ ಕತ್ತಲಲ್ಲಿ ಕಾಡಿಗೆ ಓಡುವ, ಹುಲಿಕಲ್ಲು ನೆತ್ತಿಯತ್ತ ಹೋಗುವ ಭಾಗವಿದೆಯಲ್ಲ, ಅದನ್ನು ಮೊದಲು ಓದಿಬಿಡಿ. ಭಯ, ಮಳೆಗಾಡು, ನೆರವಿಗೆ ನಿಲ್ಲುವ ಪೀಂಚಲು, ಎಲ್ಲ ಸೇರಿ ಕನ್ನಡ ಗದ್ಯದಲ್ಲಿ ಅಷ್ಟು ಉಸಿರು ಬಿಗಿಹಿಡಿಸುವ ಭಾಗಗಳು ಕಡಿಮೆ. ಆಮೇಲೆ ಮೊದಲ ಪುಟಕ್ಕೆ ಹಿಂದಿರುಗಿ. ಮುಂದೇನಾಗುತ್ತದೆಂದು ತಿಳಿದುಬಿಟ್ಟರೆ ಹಾಳಾಗುವ ಕಾದಂಬರಿ ಇದಲ್ಲ. ಕೊನೆಗೆ ತುಂಗೆಯ ನೆರೆಯಲ್ಲಿ ದೋಣಿ ದಾಟುವಾಗ ಗುತ್ತಿ ತನ್ನ ಹುಲಿಯನನ್ನು ಕಳೆದುಕೊಳ್ಳುತ್ತಾನೆ ಎಂದು ಈಗಲೇ ಹೇಳಿಬಿಡುತ್ತೇನೆ. ಅಲ್ಲಿಗೆ ತಲುಪಿದಾಗ ಗಂಟಲು ಕಟ್ಟುವುದೇನೂ ತಪ್ಪುವುದಿಲ್ಲ.

ಮಾತಿನ ತೊಡಕು

ಇಲ್ಲಿ ಎರಡು ಕನ್ನಡಗಳಿವೆ. ಕಾಡು, ಬೆಳಗು, ಮಳೆಯನ್ನು ಬಣ್ಣಿಸುವಾಗ ನಿರೂಪಕ ಸಂಸ್ಕೃತ ಸಮಾಸಗಳ ಉದ್ದುದ್ದ ವಾಕ್ಯ ಕಟ್ಟುತ್ತಾನೆ. ಪಾತ್ರಗಳು ಬಾಯಿ ತೆರೆದರೆ ಅಪ್ಪಟ ತೀರ್ಥಹಳ್ಳಿ ಸೀಮೆಯ ಮಾತು, ಅದರಲ್ಲೂ ಜಾತಿಗೊಂದು ಧಾಟಿ, ಘಟ್ಟದ ಕೆಳಗಿನವರದು ಇನ್ನೊಂದು. ಮೊದಲನೆಯದು ಕಾಲೇಜಿನಲ್ಲಿ ಹಳಗನ್ನಡ ಬಿಟ್ಟುಬಂದವರನ್ನು ಹೆದರಿಸುತ್ತದೆ, ಎರಡನೆಯದು ಕಲಬುರಗಿ, ಕೋಲಾರದ ಓದುಗರನ್ನು.

ಸಂಭಾಷಣೆಗೆ ಮದ್ದು ಒಂದೇ: ಗಟ್ಟಿಯಾಗಿ ಓದುವುದು. ಕಣ್ಣಿಗೆ ವಿಚಿತ್ರವಾಗಿ ಕಂಡ ಕಾಗುಣಿತ ಕಿವಿಗೆ ಬಿದ್ದಾಗ ಅರ್ಥವಾಗುತ್ತದೆ. ಪದಗಳಿಗೆಲ್ಲ ನಿಘಂಟು ತೆಗೆಯಲು ಹೋಗಬೇಡಿ. ಹಳು ಎಂದರೆ ಕಾಡಿನ ಪೊದೆ, ಸರಲು ಎಂದರೆ ಸಣ್ಣ ಹಳ್ಳ, ಗೊರಬು ಎಂದರೆ ಮಳೆಗೆ ಹೊದೆಯುವ ಎಲೆಯ ಮರೆ, ಸೇರೆಗಾರ ಎಂದರೆ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಮೇಸ್ತ್ರಿ. ಮತ್ತೆ ಮತ್ತೆ ಬರುವ ಇಂಥ ಇಪ್ಪತ್ತು ಮೂವತ್ತು ಪದ ಗೊತ್ತಾದರೆ ಸಾಕು. ಮಲೆನಾಡಿನ ಗೆಳೆಯರಿದ್ದರೆ ಅವರನ್ನು ಕೇಳಿ. ಪದದ ಜೊತೆಗೆ ಅವರ ಅಜ್ಜಿಯ ಮನೆಯ ಕಥೆಯೂ ಸಿಗುತ್ತದೆ.

ವರ್ಣನೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಅಧಿಕಪ್ರಸಂಗದ್ದು. ಮೊದಲ ಓದಿನಲ್ಲಿ ಉಪಮೆಗಳ ಮೇಲೆ ಕಣ್ಣಾಡಿಸಿ ದಾಟಬಹುದು. ಜಾಗದ ವಿವರಗಳನ್ನು ಮಾತ್ರ ಬಿಡಬೇಡಿ. ಯಾವ ಕಾಲುದಾರಿ ಎಲ್ಲಿ ಕವಲೊಡೆಯಿತು, ಜಗಲಿಯಲ್ಲಿ ಯಾರು ಕೂತರು, ಅಂಗಳದಲ್ಲೇ ಯಾರು ನಿಂತರು, ಯಾರಿಗೆ ಎಲೆಯಲ್ಲಿ ಬಡಿಸಿದರು, ಯಾರಿಗೆ ದೂರದಿಂದ ಹಾಕಿದರು. ಈ ಕಾದಂಬರಿ ಸಮಾಜದ ಕ್ರೌರ್ಯವನ್ನು ಹೇಳುವುದು ಭಾಷಣದಿಂದಲ್ಲ, ಇಂಥ ವಿವರಗಳಿಂದ.

ಉಳಿಯುವ ದೂರುಗಳು

ನಕಾಶೆ, ಗಟ್ಟಿ ಓದು, ಮಳೆಗಾಲದ ಭಾನುವಾರ, ಇವ್ಯಾವುದೂ ನೀಗಿಸದ ತಕರಾರುಗಳಿವೆ. ದಲಿತ ಜೀತದಾಳಿಗೆ ಕಾದಂಬರಿಯ ಮೊದಲನ್ನೂ ಕೊನೆಯನ್ನೂ ಬಿಟ್ಟುಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಮಾತು. ಆದರೂ ಅವನ ಅಜ್ಞಾನವನ್ನು ನೋಡಿ ನಗಿಸುವ ಕಡೆ, ನಗುತ್ತಿರುವವರು ಯಾರು ಎಂದು ಇವತ್ತಿನ ಓದುಗ ಕೇಳುತ್ತಾನೆ, ಕೇಳಲೇಬೇಕು. ಹೆಂಗಸರ ಮೇಲಿನ ಹಿಂಸೆಯ ಪುಟಗಳು ಕೆಲವರಿಗೆ ಓದಲಾಗದಷ್ಟು ಭಾರ. ಬಿಟ್ಟು ಮುಂದೆ ಹೋದರೆ ತಪ್ಪಿಲ್ಲ.

ಇನ್ನೊಂದು, ನಿರೂಪಕ ನಡುವೆ ತಲೆಹಾಕುವುದು. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, 1904ರಲ್ಲಿ ಹುಟ್ಟಿದ ಲೇಖಕರ ಹಿಂದಿನ ತಲೆಮಾರಿನ ಕಾಲದಲ್ಲಿ. ಪಾದ್ರಿಗಳ ಬೈಸಿಕಲ್ಲು ಊರವರ ಬಾಯಲ್ಲಿ 'ಬೀಸೆಕಲ್ಲು' ಆಗುವ ತಮಾಷೆಯಿಂದ ಆ ಕಾಲ ತಾನಾಗಿ ಗೊತ್ತಾಗುತ್ತದೆ. ಅದು ಸಾಲದೆಂಬಂತೆ 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನವನ್ನೂ ವಿವೇಕಾನಂದರನ್ನೂ ಕುವೆಂಪು ತಂದು ಸೇರಿಸುತ್ತಾರೆ. ಮಲೆನಾಡಿನ ಮೂಲೆಯನ್ನು ಲೋಕದ ಗಡಿಯಾರಕ್ಕೆ ಕಟ್ಟುವ ಉದ್ದೇಶವೆಂದು ಅಭಿಮಾನಿಗಳು ಹೇಳುತ್ತಾರೆ. ನನಗೆ ಅಲ್ಲಿ ಹೊಲಿಗೆ ಕಾಣುತ್ತದೆ. ನಿಮಗೂ ಕಂಡರೆ ಮುಜುಗರ ಬೇಡ.

ದೊಡ್ಡ ಕೃತಿಗಳಿಂದ ನಿರಾಸೆಗೊಂಡವರಲ್ಲಿ ದೊಡ್ಡವರೇ ಇದ್ದಾರೆ. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' 1922ರಲ್ಲಿ ಹೊರಬಂದಾಗ ವರ್ಜೀನಿಯಾ ವುಲ್ಫ್ ಆರಂಭದ ಅಧ್ಯಾಯಗಳನ್ನು ಮೆಚ್ಚಿ, ನಂತರ ರೇಗಿ, ಮುಗಿಸಿದ ಮೇಲೆ ಗುರಿ ತಪ್ಪಿದ ಪುಸ್ತಕವೆಂದು ದಿನಚರಿಯಲ್ಲಿ ಬರೆದುಕೊಂಡಳು. ಟಾಲ್‌ಸ್ಟಾಯ್ ಶೇಕ್ಸ್‌ಪಿಯರನನ್ನು ರಷ್ಯನ್, ಇಂಗ್ಲಿಷ್, ಜರ್ಮನ್ ಮೂರರಲ್ಲೂ ಓದಿ, ಎಪ್ಪತ್ತೈದರ ಮುಪ್ಪಿನಲ್ಲಿ ಇನ್ನೊಮ್ಮೆ ಪೂರ್ತಿ ಓದಿ, ಇವನು ದೊಡ್ಡ ಕವಿಯೇ ಅಲ್ಲ ಎಂದು ಪ್ರಬಂಧವನ್ನೇ ಬರೆದ. ಇಬ್ಬರ ತೀರ್ಪನ್ನೂ ಒಪ್ಪಬೇಕಾಗಿಲ್ಲ. ತಕರಾರು ಯಾವ ಜಾಗದಲ್ಲಿ, ಯಾಕೆ ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಕೆಲವೊಮ್ಮೆ ತಪ್ಪು ಕೈಯಲ್ಲಿರುವ ಪ್ರತಿಯದೇ. ಮೆಲ್‌ವಿಲ್‌ನ 'ಮೊಬಿ ಡಿಕ್' 1851ರಲ್ಲಿ ಮೊದಲು ಲಂಡನ್ನಿನಲ್ಲಿ ಅಚ್ಚಾದಾಗ ಕೊನೆಯ ಉಪಸಂಹಾರವೇ ಬಿಟ್ಟುಹೋಗಿತ್ತು. ಹಡಗಿನವರೆಲ್ಲ ಮುಳುಗಿದ ಮೇಲೆ ಕಥೆ ಹೇಳಿದವನು ಯಾರು ಎಂದು ಅಲ್ಲಿನ ವಿಮರ್ಶಕರು ಹಂಗಿಸಿದರು. ಉತ್ತರ ಆ ಬಿಟ್ಟುಹೋದ ಪುಟದಲ್ಲಿತ್ತು. ನಿಮ್ಮ 'ಮದುಮಗಳು' ಹಳೆಯ ಪುಸ್ತಕದಂಗಡಿಯಿಂದ ಬಂದದ್ದಾದರೆ ಫಾರಂ ಸರಿಯಾಗಿವೆಯೇ, ಅಕ್ಷರ ಕಣ್ಣಿಗೆ ಹಿತವಾಗಿದೆಯೇ ನೋಡಿಕೊಳ್ಳಿ. ಸಣ್ಣ ಅಕ್ಷರದ ಮಬ್ಬು ಮುದ್ರಣದಲ್ಲಿ ಯಾವ ಮಹಾಕಾದಂಬರಿಯೂ ಬೇಸರವೇ.

ಪಕ್ಕದ ಬಾಗಿಲುಗಳು

ನೇರ ಒಳಹೋಗಲು ಆಗದಿದ್ದರೆ ಕುವೆಂಪು ಅವರದೇ 'ಮಲೆನಾಡಿನ ಚಿತ್ರಗಳು' ತೆಗೆದುಕೊಳ್ಳಿ. 1933ರ ಆ ಪ್ರಬಂಧಗಳು ಚಿಕ್ಕವು, ನಗೆಯವು, ಅದೇ ಕಾಡು ಅದೇ ಜನ. ಆತ್ಮಕಥೆ 'ನೆನಪಿನ ದೋಣಿಯಲ್ಲಿ'ಯ ಬಾಲ್ಯದ ಭಾಗವೂ ಹಾಗೆಯೇ. ತೀರ್ಥಹಳ್ಳಿ ಕಡೆ ಹೋಗುವುದಿದ್ದರೆ ಕುಪ್ಪಳಿಯ ಕವಿಮನೆಯಲ್ಲಿ ಅರ್ಧ ದಿನ ಕಳೆಯಿರಿ. ಈಗ ಸಂಗ್ರಹಾಲಯವಾಗಿರುವ ಆ ಮರದ ಉಪ್ಪರಿಗೆಯ ಮನೆಯಲ್ಲಿ ಜಗಲಿ, ಅಂಗಳ, ಅಡುಗೆಮನೆ ಎಲ್ಲೆಲ್ಲಿ ಎಂದು ಒಮ್ಮೆ ನಡೆದು ನೋಡಿದರೆ, ಪುಸ್ತಕದಲ್ಲಿ ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆಂಬುದು ಕಣ್ಣಿಗೆ ಕಟ್ಟುತ್ತದೆ.

ನಾಟಕದ ಮಾತೂ ಹೇಳಬೇಕು. ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯ ನಿರ್ದೇಶಿಸಿ, ಹಂಸಲೇಖ ಸಂಗೀತ ಕೊಟ್ಟ ಒಂಬತ್ತು ಗಂಟೆಗಳ ಪ್ರಯೋಗ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆಯಿತು. ಒಂದು ರಂಗದಿಂದ ಇನ್ನೊಂದಕ್ಕೆ ಚಾಪೆ ಕಂಬಳಿ ಹೊತ್ತು ಜನ ಸಾಗಿದರು. ಪುಸ್ತಕ ಬಿಟ್ಟಿದ್ದ ಎಷ್ಟೋ ಮಂದಿ ನಾಟಕ ನೋಡಿ ಮತ್ತೆ ಹಿಡಿದದ್ದುಂಟು. ಮತ್ತೆ ಪ್ರದರ್ಶನವಿದೆ ಎಂದು ಕೇಳಿದರೆ ಬಿಡಬೇಡಿ. ಆದರೆ ಹಾಡು, ಕುಣಿತ, ಓಟ ನಾಟಕದ ಸ್ವತ್ತು. ಅದನ್ನೇ ಪುಸ್ತಕದಲ್ಲಿ ಹುಡುಕಿದರೆ ಎರಡನೇ ನಿರಾಸೆ ಕಾದಿದೆ. ಹೊರದೇಶದಲ್ಲಿ ಬೆಳೆದು ಕನ್ನಡ ಮಾತಾಡಬಲ್ಲ, ಓದಲು ತಡವರಿಸುವ ಮಕ್ಕಳಿದ್ದರೆ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 'ಬ್ರೈಡ್ ಇನ್ ದಿ ಹಿಲ್ಸ್' ಇದೆ. ಅದನ್ನು ಅವರು ಓದುವಾಗ ಪಕ್ಕದಲ್ಲಿ ಕನ್ನಡದ ಸಂಭಾಷಣೆಯನ್ನು ನೀವು ಓದಿ ಹೇಳಬಹುದು.

ಬಿಡುವುದಾದರೆ

ಚಿನ್ನಮ್ಮ ಕಾಡಿಗೆ ಓಡಿದಾಗಲೂ ನಿಮ್ಮ ಮನಸ್ಸು ಗಡಿಯಾರದ ಕಡೆಗೇ ಇದ್ದರೆ ಪುಸ್ತಕ ಮುಚ್ಚಿ. ಉಳಿದ ಪುಟಗಳನ್ನು ಹರಕೆ ತೀರಿಸುವಂತೆ ಓದಿ ಪ್ರಯೋಜನವಿಲ್ಲ. ಮುಚ್ಚುವ ಮುನ್ನ ಆ ಒಂದು ಸಾಲಿನ ದೂರನ್ನು ತಾರೀಖಿನ ಸಮೇತ ನಕಾಶೆಯ ಕೆಳಗೆ ಬರೆದಿಡಿ. ಮುಂದೆ ಎಂದಾದರೂ ತೆಗೆದರೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರುತ್ತದೆ.

ಮುಂದಿನ ಪುಸ್ತಕವನ್ನು ಆರಿಸಲೂ ಅದೇ ಚೀಟಿ ಸಾಕು. ಜನಜಂಗುಳಿ ತೊಡಕಾಗಿದ್ದವರು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಹಿಡಿಯಲಿ. ಅದೂ ದೊಡ್ಡದೇ, ಆದರೆ ಕರಾವಳಿಯ ಒಂದೇ ಮನೆಯ ಮೂರು ತಲೆಮಾರು. ಉದ್ದವೇ ಬೇಸರವಾಗಿದ್ದವರಿಗೆ ಅನಂತಮೂರ್ತಿಯವರ 'ಸಂಸ್ಕಾರ', ಎರಡು ಸಂಜೆಗೆ ಮುಗಿಯುತ್ತದೆ. ಕಾಡು ಹಿಡಿಸಿ ನಿರೂಪಕನ ಗಾಂಭೀರ್ಯ ಹಿಡಿಸದಿದ್ದರೆ ತೇಜಸ್ವಿಯವರ 'ಕರ್ವಾಲೊ'. ಗುತ್ತಿಯನ್ನು ನೋಡುವ ಕಣ್ಣೇ ನಿಮ್ಮ ತಕರಾರಾಗಿದ್ದರೆ ದೇವನೂರ ಮಹಾದೇವರ 'ಕುಸುಮಬಾಲೆ'ಗೆ ಹೋಗಿ. ಪುಟ ಕಡಿಮೆಯೆಂದು ಸುಲಭವಾಗಿ ಮುಗಿಸಬಹುದು ಎಂದುಕೊಳ್ಳಬೇಡಿ. ನಂಜನಗೂಡು ಸೀಮೆಯ ಆ ಮಾತನ್ನೂ ಗಟ್ಟಿಯಾಗಿಯೇ ಓದಬೇಕು.